ಕೊರಡಿನ ಮೇಲಿನ ಎರಡಕ್ಷರ

"ಅಕ್ಕಾ, ಅದನ್ನ ಮುಟ್ಟಬೇಡ!"

ಪುಟ್ಟು ಮರ ಕಡೆಯುವ ಲೇತು ನಿಲ್ಲಿಸಿ ಓಡಿ ಬರುವಷ್ಟರಲ್ಲಿ ಅಕ್ಕ ಕೆಲಸದ ಮೇಜಿನ ಕೆಳಗಿದ್ದ ಗೋಣಿತಾಟನ್ನು ಎಳೆದೇಬಿಟ್ಟಿದ್ದಳು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಗ್ಗಿ, ಒಂದೇ ಎತ್ತರದ ಎರಡು ಮರದ ತುಂಡುಗಳನ್ನು ಹುಡುಕುತ್ತಿದ್ದಳು. ಬೆಳಿಗ್ಗೆ ಡಾಕ್ಟರು ಬಂದು ಅಪ್ಪನ ಎದೆ ಪರೀಕ್ಷಿಸಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಏನಾದರೂ ಕೊಟ್ಟು ಎತ್ತರಿಸಿ, ಉಸಿರಾಟ ಸಲೀಸಾಗುತ್ತದೆ ಎಂದಿದ್ದರು. ಇನ್ನು ಎಷ್ಟು ದಿನ ಎಂದು ಅಕ್ಕ ಬಾಗಿಲ ಹೊರಗೆ ಕೇಳಿದ್ದಕ್ಕೆ, ಚೀಲದ ಜಿಪ್ ಎಳೆಯುತ್ತಾ "ದಿನ ಅಂತಲೇ ಇಟ್ಕೊಳ್ಳಿ. ವಾರದ ಮಾತು ಬೇಡ" ಎಂದು ಹೊರಟುಹೋಗಿದ್ದರು.

"ಇದೊಂದು ತುಂಡು ಮುಟ್ಟಿದ್ದಕ್ಕೆ ಇಷ್ಟು ಕೂಗಾಟ ಯಾಕೋ?" ಎಂದಳು ಅಕ್ಕ.

"ಬೇರೆ ಯಾವುದಾದ್ರೂ ತಗೋ. ಅದು ಅಪ್ಪಂದು."

ಪುಟ್ಟುವಿಗೆ ಐವತ್ತೊಂದು. ಮೀಸೆ ಬೆಳ್ಳಗಾದದ್ದು ವಯಸ್ಸಿನಿಂದಲೋ ಮರದ ಹೊಟ್ಟಿನಿಂದಲೋ ಹೇಳುವುದು ಕಷ್ಟ. ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಮುದ್ದಿನ ಹೆಸರು ಮನೆಯಿಂದ ಬೀದಿಗೆ ಹರಡಿ, ಈಗ ಗಿರಾಕಿಗಳೂ ಗೌರವ ಸೇರಿಸಿ "ಪುಟ್ಟು ಅವರೇ" ಎನ್ನುತ್ತಿದ್ದರು. ಅವನು ಕಡೆಯುತ್ತಿದ್ದದ್ದು ಕುರ್ಚಿಯ ಕಾಲು, ಚಾಕುವಿನ ಹಿಡಿ, ಪರದೆ ಕೋಲಿನ ತುದಿಯ ಗುಂಡು, ಮೆತ್ತನೆ ಮರದ ಬಟ್ಟಲು. ಗಟ್ಟಿ ಮರ ಅವನ ಪಾಲಿಗೆ ಬಂದಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದರ ಗುರುತು ಎದುರು ಗೋಡೆಯ ಮೇಲೆ ಈಗಲೂ ಇತ್ತು.

ಹೊಳೆಗೆ ಹೊಸ ಸೇತುವೆ ಕಟ್ಟಿದ ವರ್ಷ ಹಳೆಯದರ ಕಂಬಗಳನ್ನು ಕಿತ್ತು ದಡದಲ್ಲಿ ರಾಶಿ ಹಾಕಿದ್ದರು. ಅಪ್ಪ ಅದರಲ್ಲಿ ಒಂದು ಕಂಬದ ಬುಡವನ್ನು ಕೈಗಾಡಿಯಲ್ಲಿ ತಂದಿದ್ದ. ಎಷ್ಟು ಕಾಲ ನೀರಿನಲ್ಲಿ ನಿಂತಿತ್ತೋ, ಕೊಳೆಯುವುದನ್ನು ಬಿಟ್ಟು ಕಲ್ಲಾಗಿ ಕೂತಿತ್ತು. ಮರದಂಗಡಿಯವನು ಉಗುರಿನಿಂದ ಕೆರೆದು, ಮೂಸಿ, ನಾಲಿಗೆಗೂ ತಾಗಿಸಿ ನೋಡಿ, ಇದು ಯಾವ ಜಾತಿಯ ಮರವೋ ತಿಳಿಯದು ಎಂದು ಕೈಚೆಲ್ಲಿದ. ಅಪ್ಪ ಅದನ್ನು 'ಕಬ್ಬಿಣ' ಎಂದೇ ಕರೆದ. ತುಂಡು ತುಂಡು ಮಾಡಿ, ತುದಿಗಳಿಗೆ ಮೇಣ ಬಳಿದು, ವರ್ಷಗಟ್ಟಲೆ ಒಣಗಿಸಿ ಒಂದೊಂದಾಗಿ ಬಟ್ಟಲು ಮಾಡಿದ.

ಪುಟ್ಟು ಹತ್ತೊಂಬತ್ತರ ಹುಡುಗನಾಗಿದ್ದಾಗ ಅಪ್ಪ ಒಂದು ತುಂಡನ್ನು ಅವನಿಗೆ ಕೊಟ್ಟಿದ್ದ. ಬಟ್ಟಲಿನ ಒಳಗಿನ ಗೋಡೆ ಬಾಗಿ ತಳಕ್ಕೆ ಸೇರುವ ಜಾಗದಲ್ಲಿ ಉಳಿ ಕಚ್ಚಿಕೊಂಡಿತು. ಬಟ್ಟಲು ಲೇತಿನಿಂದ ಕಿತ್ತುಕೊಂಡು ಅಪ್ಪನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದು ಮೂರು ಹೋಳಾಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಪುಟ್ಟು ಎರಡು ದಿನ ಮುಖ ಊದಿಸಿಕೊಂಡಿದ್ದು ಮರೆತುಬಿಡುತ್ತಿದ್ದ. ಅಪ್ಪ ಸುಮ್ಮನೆ ಅವನ ಕೈಯಿಂದ ಉಳಿ ತೆಗೆದುಕೊಂಡ, ಅಷ್ಟೇ. ಆಮೇಲೆ ಗಟ್ಟಿ ಮರದ ಮಾತು ಅವರಿಬ್ಬರ ನಡುವೆ ಬರಲಿಲ್ಲ.

ಅಪ್ಪನಿಗೆ ಹೊಗಳುವ ಅಭ್ಯಾಸವೂ ಇರಲಿಲ್ಲ. ಮುಗಿದ ಬಟ್ಟಲನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಳಗೆಲ್ಲ ಸವರುತ್ತಿದ್ದ. ಮನಸ್ಸಿಗೆ ಒಪ್ಪಿದರೆ ಅದನ್ನು ಬೋರಲು ಹಾಕುತ್ತಿದ್ದ, ಇನ್ನು ದೂಳು ಕೂರುವುದು ಬೇಡ ಎಂಬಂತೆ. ಒಪ್ಪದಿದ್ದರೆ ಬಾಯಿ ಮೇಲಾಗಿಯೇ ಇಟ್ಟು ಎದ್ದು ಹೋಗುತ್ತಿದ್ದ. ಪುಟ್ಟು ಮಾಡಿದ ಬಟ್ಟಲುಗಳು ಗಿರಾಕಿಗಳ ಮನೆ ಸೇರಿ ಚೆನ್ನಾಗಿಯೇ ಬಾಳಿದವು. ಆದರೆ ಅವುಗಳಲ್ಲಿ ಒಂದನ್ನೂ ಅಪ್ಪ ಬೋರಲು ಹಾಕಲಿಲ್ಲ, ಪುಟ್ಟುವೇ ಹಾಕಿಕೊಳ್ಳಬೇಕಾಗಿತ್ತು.

ಅಕ್ಕ ಈಗ ಆ ಕೊನೆಯ ತುಂಡನ್ನು ಎರಡು ಕೈಯಲ್ಲಿ ಬೆಳಕಿಗೆ ತಿರುಗಿಸಿ, ಕನ್ನಡಕವನ್ನು ಮೂಗಿನ ಮೇಲಕ್ಕೆ ಒತ್ತಿ ನೋಡುತ್ತಿದ್ದಳು. ಅದರ ಮೇಲ್ಮುಖದಲ್ಲಿ, ಮರಕ್ಕೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ ಎರಡಕ್ಷರ ಇತ್ತು.

"ಕಡೆ," ಎಂದು ಓದಿದಳು. "ಯಾರು ಬರೆದದ್ದು?"

"ಅಪ್ಪ. ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಗೋಡೆ ಹಿಡ್ಕೊಂಡು ಒಬ್ಬನೇ ಇಲ್ಲಿಗೆ ಬಂದು ಎಡಗೈಯಲ್ಲಿ ಬರೆದಿದ್ದ. ನಾನು ಬರೋ ಹೊತ್ತಿಗೆ ಕುಂಚ ಕೈಯಲ್ಲೇ ಇತ್ತು, ನೆಲದ ಮೇಲೆ ಕೂತಿದ್ದ."

"ಹಾಗಾದ್ರೆ ಇನ್ನೂ ಯಾಕೆ ಕಡೆದಿಲ್ಲ?"

ಪುಟ್ಟುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಡೇದು ಅಂತ ಅಲ್ವಾ ಅಕ್ಕ? ಇದೇ ಕಡೇದು, ನನಗಿರಲಿ, ಕೈ ಸರಿಹೋದ್ಮೇಲೆ ನಾನೇ ಮಾಡ್ತೀನಿ ಅಂತ. ಪೂರ್ತಿ ಬರೆಯೋಕೆ ಆಗಿಲ್ಲ ಪಾಪ. ಎರಡಕ್ಷರಕ್ಕೇ ಕೈ ಸೋತಿದೆ."

ಅಕ್ಕ ಅಂಚೆ ಕಚೇರಿಯ ವಿಂಗಡಣೆ ಮೇಜಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮಳೆಯಲ್ಲಿ ನೆನೆದ ವಿಳಾಸ, ಅವಸರದ ವಿಳಾಸ, ಕೈ ನಡುಗುವ ಮುದುಕರ ವಿಳಾಸ, ಎಲ್ಲ ಅವಳ ಕಣ್ಣಿನ ಕೆಳಗೆ ಹಾದುಹೋಗಿದ್ದವು. ಊರಿಗೆ ಬಂದಾಗಲೆಲ್ಲ ಹೊಟ್ಟು ಮೂಗಿಗೆ ಹೊಡೆದು ಸೀನು ಬರುತ್ತದೆಂದು ಈ ಕಾರ್ಖಾನೆಯ ಹೊಸಿಲು ಮಾತ್ರ ತುಳಿಯುತ್ತಿರಲಿಲ್ಲ.

"ಸೋತ ಕೈ ಹೀಗಿರಲ್ಲ ಕಣೋ," ಎಂದಳು. "ಸೋತ ಕೈ ಬರೀತಾ ಬರೀತಾ ಜಾರತ್ತೆ, ಅಕ್ಷರ ಸಣ್ಣದಾಗತ್ತೆ. ಇಲ್ಲಿ ನೋಡು, ಎರಡನೇ ಅಕ್ಷರಾನೇ ದೊಡ್ಡದು. ಮುಂದೆ ಬೇಕಾದಷ್ಟು ಜಾಗ ಇದ್ರೂ ನಿಲ್ಲಿಸಿದ್ದಾನೆ. ನಿಲ್ಲಿಸಿ ಚುಕ್ಕಿ ಇಟ್ಟಿದ್ದಾನೆ."

"ಅದು ಬಣ್ಣ ತೊಟ್ಟಿಕ್ಕಿದ್ದು."

"ತೊಟ್ಟಿಕ್ಕಿದ್ದಾದ್ರೆ ಸುತ್ತ ಸಿಡಿದಿರತ್ತೆ. ಇದು ಕುಂಚ ಒತ್ತಿ ಇಟ್ಟ ಚುಕ್ಕಿ." ಅವಳು ಕನ್ನಡಕ ತೆಗೆದು ತಮ್ಮನನ್ನು ನೋಡಿದಳು. "ಕಡೆ ಅಂದ್ರೆ ಕಡೆ ಕಣೋ. ಮಾಡು ಅಂದ್ರೆ ಮಾಡು, ಹೋಗು ಅಂದ್ರೆ ಹೋಗು. ಕಡೆಯೋರ ಮನೇಲಿ ಹುಟ್ಟಿ ಇಷ್ಟೂ ತಿಳಿಯಲಿಲ್ವಾ ನಿನಗೆ?"

ಬಾಗಿಲಲ್ಲಿ ಪುಟ್ಟುವಿನ ಹೆಂಡತಿ ಗಂಜಿಯ ಲೋಟ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅಯ್ಯೋ, ನಾನು ಈ ಕಡೆ ಮೇಲಿರಲಿ ಅಂತ ತಿಳ್ಕೊಂಡಿದ್ದೆ ಅಕ್ಕ," ಎಂದಳು. "ಏಳು ವರ್ಷದಿಂದ ಗುಡಿಸಿದಾಗೆಲ್ಲ ಅದೇ ಮುಖ ಮೇಲೆ ಮಾಡಿ ಇಡ್ತಾ ಬಂದಿದ್ದೀನಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಿದೆ! ಮೂರು ಜನ ಓದಿದ್ರೆ ಮೂರು ಕಡೆ." ತಮ್ಮನ ಮುಖ ನೋಡಿದ ಮೇಲೆ ಅವಳ ನಗು ಅಲ್ಲಿಗೇ ನಿಂತಿತು. ಪುಟ್ಟು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ.

ಅಪ್ಪನನ್ನೇ ಕೇಳಬಹುದಿತ್ತಲ್ಲ ಎಂದರೆ, ಕೇಳಿದ್ದ. ಆದರೆ ಲಕ್ವ ಅಪ್ಪನ ಬಲಗೈಯ ಜೊತೆ ಮಾತನ್ನೆಲ್ಲ ಒಯ್ದು ಒಂದೇ ಒಂದನ್ನು ಉಳಿಸಿಹೋಗಿತ್ತು: ಬೇಡ. ಗಂಜಿ ಕೊಟ್ಟರೆ "ಬೇಡ" ಎನ್ನುತ್ತಾ ಬಾಯಿ ತೆರೆಯುತ್ತಿದ್ದ. ಹೊದಿಕೆ ಹೊದಿಸಿದರೆ "ಬೇಡ ಬೇಡ" ಎನ್ನುತ್ತಾ ಗಲ್ಲದವರೆಗೆ ಎಳೆದುಕೊಳ್ಳುತ್ತಿದ್ದ. ಎಷ್ಟೋ ಸಲ ಆ ಒಂದೇ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಸಿಟ್ಟಾಗಿ ಮಂಚದ ಪಟ್ಟಿಗೆ ಗುದ್ದುತ್ತಿದ್ದ. ಸೊಸೆಗೆ ಮಾತ್ರ ದನಿಯ ಏರಿಳಿತದಿಂದ ಯಾವ ಬೇಡ ಬೇಕು, ಯಾವ ಬೇಡ ನಿಜವಾಗಿಯೂ ಬೇಡ ಎಂಬುದು ಹೆಚ್ಚುಕಡಿಮೆ ತಿಳಿಯುತ್ತಿತ್ತು.

ಹಾಸಿಗೆ ಹಿಡಿಯುವ ಮೊದಲು ಆರು ವರ್ಷ ಅಪ್ಪ ದಿನವೂ ಕಾರ್ಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಸಂಜೆ ಪುಟ್ಟು ಆ ತುಂಡಿನ ಮೇಲಿನ ದೂಳು ಒರೆಸಿ, ಭಯಭಕ್ತಿಯಿಂದ ಗೋಣಿತಾಟು ಮುಚ್ಚುವಾಗ "ಬೇಡ! ಬೇಡ!" ಎಂದು ಎಡಗೈಯಿಂದ ಕುರ್ಚಿಯ ಕೈಗೆ ಬಡಿಯುತ್ತಿದ್ದ. ಪುಟ್ಟು "ಆಯ್ತಪ್ಪಾ, ಮುಟ್ಟಲ್ಲ, ಮುಟ್ಟಲ್ಲ" ಎಂದು ಸಮಾಧಾನ ಮಾಡುತ್ತಿದ್ದ. ಅಕ್ಕ ಹೇಳುವುದು ನಿಜವಾದರೆ ಆ ಮನುಷ್ಯ ಆರು ವರ್ಷ ಪ್ರತಿ ಸಂಜೆ ಏನನ್ನು ಸಹಿಸಿಕೊಂಡಿರಬೇಕು?

ಮೂವರೂ ಮಂಚದ ಬಳಿ ಹೋದರು. ಆ ಕೋಣೆಗೂ ಕಾರ್ಖಾನೆಗೂ ನಡುವೆ ಒಂದೇ ಬಾಗಿಲು. ಅಪ್ಪನ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಕಿವಿ ಮಾತ್ರ ಚುರುಕಾಗಿತ್ತು.

"ಅಪ್ಪಾ," ಎಂದು ಅಕ್ಕ ಬಗ್ಗಿದಳು. "ಆ ಕಬ್ಬಿಣದ ತುಂಡು ಇದೆಯಲ್ಲ, ಅದನ್ನ ಪುಟ್ಟುಗೆ ಕಡೆ ಅಂತ ಬರೆದಿದ್ಯಾ?"

ಅಪ್ಪ ಮುಖವನ್ನು ಅವಳ ದನಿಯ ಕಡೆ ತಿರುಗಿಸಿದ. ಎಡಗೈ ಹೊದಿಕೆಯ ಮೇಲೆ ಮುಚ್ಚಿ ತೆರೆದುಕೊಂಡಿತು. "ಬೇಡ," ಎಂದ, ಮೆಲ್ಲಗೆ.

ಪುಟ್ಟು ಅಕ್ಕನನ್ನು ನೋಡಿದ. ಅಕ್ಕ ತಮ್ಮನ ಹೆಂಡತಿಯನ್ನು ನೋಡಿದಳು. ಅವಳು ತಲೆ ಅಲ್ಲಾಡಿಸಿದಳು. ಈ ದನಿಯನ್ನು ಅವಳೂ ಕೇಳಿರಲಿಲ್ಲ.

"ಇನ್ನು ನಿನಗೆ ಬಿಟ್ಟದ್ದು," ಎಂದಳು ಅಕ್ಕ.

ಬಿಟ್ಟದ್ದು ಎಂದರೆ ಸುಲಭವೇ? ಅಕ್ಕ ತಪ್ಪು ಓದಿದ್ದರೆ ಸಾಯುವ ಅಪ್ಪನ ಆಸೆಯ ಮರವನ್ನು ಅವನು ಬದುಕಿರುವಾಗಲೇ ಕಿತ್ತುಕೊಂಡ ಹಾಗೆ. ಸರಿಯಾಗಿ ಓದಿದ್ದರೆ ಅಪ್ಪ ಏಳು ವರ್ಷದಿಂದ ಅವನಿಗಾಗಿ ಕಾದಿದ್ದಾನೆ, ಇನ್ನು ಕಾಯುವಷ್ಟು ಉಸಿರಿಲ್ಲ. ಕಡೆಯುವಾಗ ಒಡೆದರಂತೂ ಆ ಸದ್ದು ಮೊದಲು ಬೀಳುವುದು ಅಪ್ಪನ ಕಿವಿಗೆ. ಪುಟ್ಟು ಅಂಗಳದಲ್ಲಿ ನಿಂತು ಎರಡು ಲೋಟ ನೀರು ಕುಡಿದ. ಆಮೇಲೆ ಬೇರೆ ಎರಡು ತುಂಡು ಹುಡುಕಿ ಮಂಚದ ಕಾಲಿಗೆ ಕೊಟ್ಟು, ನಡುವಿನ ಬಾಗಿಲು ಪೂರ್ತಿ ತೆರೆದು ಇಟ್ಟಿಗೆ ಒತ್ತಿ ಇಟ್ಟು, ಲೇತಿನ ಬಳಿ ಬಂದ.

ಬಟ್ಟಲಿನ ಬಾಯಿಯಾಗಬೇಕಾದ ಮುಖಕ್ಕೆ, ಅಕ್ಷರಗಳಿಗೆ ತಾಗದಂತೆ, ಲೇತಿಗೆ ಹಿಡಿಸುವ ಉಕ್ಕಿನ ತಟ್ಟೆ ಇಟ್ಟು ತಿರುಪುಮೊಳೆ ಬಿಗಿಯಬೇಕಾಗಿತ್ತು. ಕೊರೆದ ರಂಧ್ರದಿಂದ ಹೊಗೆ ಬಂತು. ಒಂದು ಮೊಳೆ ಅರ್ಧಕ್ಕೇ ಕತ್ತರಿಸಿಹೋಯಿತು. ಅದನ್ನು ತೆಗೆದು ಬೇರೆ ಹಾಕಿ ಬಿಗಿಯುವಷ್ಟರಲ್ಲಿ ಬೆಳಗಿನ ಹೊತ್ತೆಲ್ಲ ಕಳೆಯಿತು.

ಮೆತ್ತನೆ ಮರ ಉಳಿಗೆ ಸಿಕ್ಕಿದರೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಭುಜದ ಮೇಲೆ ಬಂದು ಬೀಳುತ್ತದೆ. ಇದು ಹಾಗೆ ಒಲಿಯುವ ಮರವಲ್ಲ. ಉಳಿ ತಾಗಿದ ಕೂಡಲೇ ಟಕ್ ಟಕ್ ಎಂದು ಹೊಡೆದು ಮೊಣಕೈಯವರೆಗೆ ನಡುಗಿಸಿತು. ಬಂದದ್ದು ಹುಡಿ, ಕಂದು ಬಣ್ಣದ ಬಿಸಿ ಹುಡಿ. ಎಂದೋ ಹೊಳೆಯ ಮರಳು ಸೇರಿಕೊಂಡಿದ್ದ ಕಡೆ ಸಣ್ಣ ಕಿಡಿಯೂ ಹಾರಿತು. ಪುಟ್ಟು ಹಲ್ಲು ಕಚ್ಚಿ ಒತ್ತಿದ.

"ಬೇಡ!"

ಒಳಗಿನಿಂದ ಬಂದ ದನಿಗೆ ಪುಟ್ಟು ಉಳಿ ಹಿಂದಕ್ಕೆಳೆದ. ಲೇತು ನಿಲ್ಲಿಸಿದ. ಅಂದರೆ ಅಕ್ಕ ತಪ್ಪು ಓದಿದ್ದಳು. ಅವನು ತಟ್ಟೆ ಬಿಚ್ಚಲು ಕೈ ಹಾಕಿದ್ದ, ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು.

"ಬಿಚ್ಚಬೇಡಿ ರೀ. ಅದು ಕೋಪದ್ದಲ್ಲ. ಗಂಜಿ ಬಿಸಿ ಇದ್ದಾಗ ಅಂತಾರಲ್ಲ, ಆ ಥರದ್ದು. ಕೊಡು, ಆದ್ರೆ ಹೀಗಲ್ಲ ಅನ್ನೋದು."

ಪುಟ್ಟು ಉಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನ ಉದ್ದಕ್ಕೂ ಬಿಳಿ ಗೆರೆ ಹೊಳೆಯುತ್ತಿತ್ತು. ಹದವಿರುವ ಅಂಚು ಹೊಳೆಯುವುದಿಲ್ಲ. ಉಳಿ ಮೊಂಡಾಗಿತ್ತು, ಸಾಣೆ ಹಿಡಿದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಅವನು ಮತ್ತೆ ಸಾಣೆ ಹಿಡಿದು ಬಂದು ಉಳಿ ಊರಿದ. ಈ ಸಲ ಮರ ಬೇರೆಯದೇ ದನಿ ತೆಗೆಯಿತು, ತೆಳ್ಳಗೆ, ಎಳೆ ಕಡಿಯದೆ. ಒಳಗಿನಿಂದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದನಿ ಒಂದಿಷ್ಟು ಒರಟಾಗಿರಬೇಕು, ಪುಟ್ಟುವಿಗೆ ತಿಳಿಯಲಿಲ್ಲ. ಒಳಗಿದ್ದವನಿಗೆ ತಿಳಿಯಿತು.

"ಬೇಡ!"

ಪುಟ್ಟು ಸಾಣೆಗೆ ನಡೆದ. ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ಪಾಠ ಶುರುವಾಯಿತು. ಒಳಗೆ ಮಲಗಿದವನು ಕೇಳುವುದು, ಹೊರಗೆ ನಿಂತವನು ತಿದ್ದಿಕೊಳ್ಳುವುದು. ಊಟಕ್ಕೆ ಕರೆದರೂ ಇಬ್ಬರೂ ಬರುವಂತಿರಲಿಲ್ಲ. "ಅಪ್ಪ ಮಗ ಇಷ್ಟು ಮಾತಾಡಿದ್ದು ಇವನು ಹುಟ್ಟಿದಾಗಿನಿಂದ ನಾನು ನೋಡಿಲ್ಲ," ಎಂದು ಅಕ್ಕ ಮೂಗು ಒರೆಸಿಕೊಂಡಳು. ಹೊಟ್ಟಿನ ಸೀನು ಎಂದು ಹೇಳಿದಳು, ಆದರೆ ಅವಳು ಕೂತಿದ್ದದ್ದು ಅಡುಗೆಮನೆಯಲ್ಲಿ. ಬಿಸಿಲು ಇಳಿಯುವ ಹೊತ್ತಿಗೆ ಹೊರಮೈ ದುಂಡಗಾಗಿ, ತಳದಲ್ಲಿ ಲೇತಿಗೆ ಕಚ್ಚಿಸಲು ಬೇಕಾದ ಸಣ್ಣ ಕಾಲು ಮೂಡಿತ್ತು. ಕೊನೆಯ ಎರಡು ಸಲ ಒಳಗಿನ ದನಿ ಬರುವ ಮೊದಲೇ ಪುಟ್ಟು ಸಾಣೆಯ ಮುಂದೆ ನಿಂತಿದ್ದ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಮೇಲುಸಿರು ಬಂದಿತ್ತು. ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಡಾಕ್ಟರಿಗೆ ಫೋನು ಮಾಡಲೇ ಎಂದು ಅಕ್ಕ ಕೇಳಿದಳು. ಪುಟ್ಟು ಅಪ್ಪನ ಪಕ್ಕ ಕೂರಲೋ ಲೇತಿನ ಮುಂದೆ ನಿಲ್ಲಲೋ ತಿಳಿಯದೆ ಹೊಸಿಲ ಮೇಲೆ ನಿಂತ. ಮಂಚದ ಮೇಲಿನ ಎಡಗೈ ಎದ್ದು ಗಾಳಿಯಲ್ಲಿ ಅವನನ್ನು ಆಚೆಗೆ ತಳ್ಳಿತು.

"ಹೋಗೋ," ಎಂದಳು ಅಕ್ಕ. "ಇಲ್ಲಿ ನಾವಿದ್ದೀವಿ."

ಬಟ್ಟಲನ್ನು ತಿರುಗಿಸಿ ಅದರ ಕಾಲನ್ನು ಲೇತಿಗೆ ಕಚ್ಚಿಸಿದಾಗ ಅಕ್ಷರಗಳು ಎದುರಿಗೆ ಬಂದವು. ಒಳಗು ತೆಗೆಯಬೇಕಾದರೆ ಮೊದಲು ಹೋಗಬೇಕಾದದ್ದು ಅವೇ. ಅಪ್ಪ ಬರೆದದ್ದೆಂದು ಈ ಮನೆಯಲ್ಲಿ ಉಳಿದಿರುವುದು ಇದೊಂದೇ. ಅವನು ಕಾಗದದ ಮನುಷ್ಯನಲ್ಲ. ಪುಟ್ಟು ಹೆಬ್ಬೆರಳಿನಿಂದ ಆ ಚುಕ್ಕಿಯನ್ನು ಒಮ್ಮೆ ಮುಟ್ಟಿದ. ಅದು ಸಿಡಿದ ಹನಿಯಲ್ಲ, ನಿಜವಾಗಿಯೂ ಒತ್ತಿ ಇಟ್ಟದ್ದು, ಕುಂಚದ ಕೂದಲ ಗೆರೆ ಕೂಡ ಕಾಣುತ್ತಿತ್ತು. ಏಳು ವರ್ಷದಲ್ಲಿ ಎಷ್ಟು ಸಲ ಒರೆಸಿದ್ದ, ಒಮ್ಮೆಯೂ ನೋಡಿರಲಿಲ್ಲ. ಲೇತು ಚಾಲೂ ಮಾಡಿದ. ಎರಡಕ್ಷರ ಸೇರಿ ಒಂದು ಕೆಂಪು ಬಳೆಯಾಯಿತು. ಉಳಿ ಊರಿದ ಮೇಲೆ ಆ ಬಳೆ ಸಣ್ಣದಾಗುತ್ತಾ ನಡುವಿಗೆ ಸರಿದು ಹುಡಿಯಾಗಿ ಅವನ ಮುಂಗೈ ಮೇಲೆ ಬಿತ್ತು.

ಒಳಗೆ ಆಳವಾಗುತ್ತಿದ್ದಂತೆ ಒಂದು ಪಕ್ಕದಲ್ಲಿ ಕಪ್ಪು ಕಲೆ ಕಾಣಿಸಿತು. ಸೇತುವೆಗೆ ಯಾರೋ ಹೊಡೆದಿದ್ದ ಮೊಳೆ ತುಕ್ಕು ಹಿಡಿದು ಕರಗಿ ಮರಕ್ಕೆ ಇಳಿದ ಗುರುತು. ಪುಟ್ಟು ಬಟ್ಟಲಿನ ಗೋಡೆಯ ದಪ್ಪವನ್ನು ಬೆರಳಿನಿಂದ ಅಳೆದ. ಇಷ್ಟು ದಪ್ಪ ಇದ್ದರೆ ಒಡೆಯುವ ಭಯವಿಲ್ಲ. ಇಲ್ಲಿಗೆ ನಿಲ್ಲಿಸಿ ಉಜ್ಜಿ ಎಣ್ಣೆ ಹಚ್ಚಿದರೆ ನೋಡಿದವರು ಚೆನ್ನಾಗಿದೆ ಎಂದೇ ಅನ್ನುತ್ತಾರೆ. ಅವನು ಗುಂಡಿ ಒತ್ತಿದ. ಲೇತು ನಿಧಾನವಾಗಿ ನಿಂತಿತು. ನಿಂತ ಸದ್ದು ಕೇಳಿ ಒಳಗಿನಿಂದ, ಈಗ ಗಾಳಿಗಿಂತ ಸ್ವಲ್ಪವೇ ಗಟ್ಟಿಯಾಗಿ, ಬಂತು:

"ಬೇಡ."

ಈ ಸಲ ಹೆಂಡತಿ ಬಂದು ಅರ್ಥ ಹೇಳಬೇಕಾಗಲಿಲ್ಲ. ಪುಟ್ಟು ಸಾಣೆ ಹಿಡಿದು ಬಂದ. ಗೋಡೆ ತೆಳ್ಳಗಾದಂತೆ ಮರದ ದನಿ ಏರತೊಡಗಿತು. ಇನ್ನು ಉಳಿದದ್ದು ಗೋಡೆ ಬಾಗಿ ತಳಕ್ಕೆ ಸೇರುವ ಜಾಗ. ಎದುರು ಗೋಡೆಯಲ್ಲಿ ಮೂವತ್ತೆರಡು ವರ್ಷದ ಹಿಂದಿನ ಗಾಯ ನೇರ ಕಣ್ಣಿಗೆ ಬೀಳುತ್ತಿತ್ತು. ಅವನು ಉಸಿರು ಬಿಗಿಹಿಡಿದು ಒತ್ತುವುದನ್ನು ಬಿಟ್ಟ. ಉಳಿಯನ್ನು ಮರದ ಮೇಲೆ ಸುಮ್ಮನೆ ಕೂರಿಸಿ, ಮರ ಕೊಟ್ಟಷ್ಟನ್ನೇ ತೆಗೆದುಕೊಳ್ಳುತ್ತಾ ಬಾಗಿನೊಳಕ್ಕೆ ಇಳಿದ. ದನಿ ಒಡೆಯಲಿಲ್ಲ. ಒಂದೇ ಎಳೆಯಾಗಿ ಇಳಿದು ತಳದ ನಡುವಿಗೆ ಬಂದು ಸುಮ್ಮನಾಯಿತು. ಮತ್ತೊಮ್ಮೆ ಮೇಲಿನಿಂದ ಇಳಿದ, ಮತ್ತೂ ಒಮ್ಮೆ. ಆಮೇಲೆ ಉಜ್ಜುಕಾಗದ, ಒರಟಿನಿಂದ ನಯಕ್ಕೆ ನಾಲ್ಕು ಬಗೆ. ಎಷ್ಟು ಹೊತ್ತಾಗಿತ್ತೋ, ಒಳಗಿನಿಂದ ಮಾತೇ ಬಂದಿಲ್ಲ ಎಂಬುದು ಆಗ ಅವನ ಗಮನಕ್ಕೆ ಬಂತು.

ಕೆಲಸ ಸರಿಯಾಗಿದ್ದರೂ ಅಪ್ಪ ಸುಮ್ಮನಿರುತ್ತಾನೆ. ಅಪ್ಪ ಇಲ್ಲದಿದ್ದರೂ ಅಷ್ಟೇ.

ಪುಟ್ಟು ಲೇತು ನಿಲ್ಲುವವರೆಗೂ ಕಾಯಲಾರದೆ ಅಂಗೈ ಒತ್ತಿ ನಿಲ್ಲಿಸಿದ. ಬಟ್ಟಲು ಬಿಡಿಸಿಕೊಂಡು, ಎಣ್ಣೆಯ ಡಬ್ಬಿ ಮರೆತು, ಮೈಯೆಲ್ಲ ಹುಡಿಯಾಗಿ ಒಳಗೆ ಓಡಿದ.

ಅಕ್ಕ ಮಂಚದ ಒಂದು ಪಕ್ಕದಲ್ಲೂ ಹೆಂಡತಿ ಇನ್ನೊಂದು ಪಕ್ಕದಲ್ಲೂ ಕೂತಿದ್ದರು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಅಪ್ಪನ ಕಣ್ಣು ತೆರೆದಿತ್ತು. ಮುಖ ಬಾಗಿಲಿನ ಕಡೆ, ಸದ್ದು ಬರುತ್ತಿದ್ದ ಕಡೆ ತಿರುಗಿತ್ತು.

"ಅಪ್ಪಾ," ಎಂದ ಪುಟ್ಟು. ಮಂಡಿಯೂರಿ, ಲೇತಿನ ಬಿಸಿ ಇನ್ನೂ ಆರದ ಬಟ್ಟಲನ್ನು ಅಪ್ಪನ ಎದೆಯ ಮೇಲೆ ಇಟ್ಟು, ಎಡಗೈಯನ್ನು ಎತ್ತಿ ಅದರ ಅಂಚಿಗೆ ತಾಗಿಸಿದ.

ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹೆಬ್ಬೆರಳು ಒಳಗೆ ಇಳಿಯಿತು. ಅಂಚಿನಿಂದ ಗೋಡೆಗೆ, ಗೋಡೆಯಿಂದ ಕೆಳಗೆ. ಮೊಳೆಯ ಕಲೆಯಿದ್ದ ಜಾಗದಲ್ಲಿ ನಿಂತು, ಕಾಣದಿದ್ದರೂ ಅದೇನೆಂದು ತಿಳಿದಂತೆ ಎರಡು ಸಲ ಸವರಿ ಮುಂದೆ ಹೋಯಿತು. ಬಾಗಿನ ಜಾಗದಲ್ಲಿ ತುಂಬ ನಿಧಾನವಾಯಿತು. ಪುಟ್ಟು ಹತ್ತೊಂಬತ್ತರ ಹುಡುಗನಂತೆ ಕೈಕಟ್ಟಿ ಕಾದ. ಹೆಬ್ಬೆರಳು ಬಾಗನ್ನು ದಾಟಿ, ತಳದ ನಡುವಿಗೆ ಬಂದು, ಅಲ್ಲಿ ನಿಂತಿತು.

ನಾಲ್ಕು ಬೆರಳು ಹೊರಗಿನಿಂದ ಗೋಡೆಯನ್ನು ಹಿಡಿದುಕೊಂಡವು. ಒಂದೇ ಕೈ, ಅದೂ ಎಡಗೈ. ಬಟ್ಟಲು ಒಮ್ಮೆ ವಾಲಿ ಹಾಗೇ ಕೂತಿತು. ಅಕ್ಕ ಸಹಾಯಕ್ಕೆ ಕೈ ಚಾಚಿದಳು, ಸೊಸೆ ಅವಳ ಮಣಿಕಟ್ಟು ಹಿಡಿದು ತಡೆದಳು. ಎರಡನೆಯ ಸಲ ಬಟ್ಟಲು ಅಂಚಿನ ಮೇಲೆ ಎದ್ದು ನಿಂತು, ಮಗುಚಿ, ಅಪ್ಪನ ಎದೆಯ ಮೇಲೆ ಬೋರಲಾಗಿ ಕೂತಿತು.

ಪುಟ್ಟು ಮೂಗು ಒರೆಸಿಕೊಂಡು, "ಕೊಡಪ್ಪಾ, ಎಣ್ಣೆ ಹಚ್ಚಿ ತಂದುಬಿಡ್ತೀನಿ" ಎಂದು ಕೈ ಚಾಚಿದ.

ಅಪ್ಪ ಅಂಗೈಯನ್ನು ಬಟ್ಟಲಿನ ಬೆನ್ನಿನ ಮೇಲೆ ಊರಿದ.

"ಬೇಡ," ಎಂದ.

ಪುಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಕಿಟಕಿಯ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಬಟ್ಟಲು ಅಪ್ಪನ ಕೈಯ ಕೆಳಗೆ ಉಸಿರಿನ ಜೊತೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.